ಆಸ್ಪತ್ರೆಯ ದಫ್ತರವೂ ನಮ್ಮ ಬಿ.ಎ. ಪದವಿಯೂ

ಬಿ.ಎ. ತರಗತಿಯ ಕೊನೆಯ ವರ್ಷಕ್ಕೆ ಬಂದ ವಿದ್ಯಾರ್ಥಿಯನ್ನು ಊರಿನಲ್ಲಿ ಕಂಡವರೆಲ್ಲರೂ ಕೇಳುವ ಪ್ರಶ್ನೆ ಒಂದೇ: “ಮುಂದೇನು ಮಾಡಬೇಕು ಅಂತಿದೀಯ?” ಇದಕ್ಕೆ ನಮ್ಮಲ್ಲಿ ರೂಢಿಯಾಗಿರುವ ಉತ್ತರಗಳು ನಾಲ್ಕು. ಬಿ.ಎಡ್. ಮಾಡಿ ಮೇಷ್ಟರಾಗುವುದು, ಎಂ.ಎ. ಓದಲೆಂದು ಶಂಕರಘಟ್ಟಕ್ಕೆ ಹೋಗುವುದು. ಲೋಕಸೇವಾ ಆಯೋಗದ ಪರೀಕ್ಷೆಗೆ ಕುಳಿತು ಪ್ರಥಮ ದರ್ಜೆಯೋ ದ್ವಿತೀಯ ದರ್ಜೆಯೋ ಸಹಾಯಕರಾಗುವುದು. ಇದಾವುದೂ ಕೈಗೂಡದಿದ್ದರೆ ಬೆಂಗಳೂರಿನ ಬಸ್ಸು ಹತ್ತುವುದು. 2024ರ ಜನವರಿ 12ರಂದು ನಮ್ಮ ಶಿವಮೊಗ್ಗದಲ್ಲಿಯೇ ಯುವನಿಧಿ ಯೋಜನೆಗೆ ಚಾಲನೆ ದೊರೆತು, ಕೆಲಸ ಸಿಕ್ಕದ ಪದವೀಧರನಿಗೆ ತಿಂಗಳಿಗೆ 3,000 ರೂಪಾಯಿ ಎಂದು ಗೊತ್ತಾದ ಮೇಲೆ ಐದನೆಯ ಉತ್ತರವೂ ಹುಟ್ಟಿಕೊಂಡಿತೆಂದು ಗೆಳೆಯರು ತಮಾಷೆ ಮಾಡುವುದುಂಟು. ತಮಾಷೆ ಇರಲಿ. ಈ ಪಟ್ಟಿಗೆ ಇನ್ನೊಂದು ಉತ್ತರವನ್ನು ಸೇರಿಸಬೇಕೆಂಬುದು ಪ್ರಕೃತ ಲೇಖನದ ಉದ್ದೇಶ. ಅದು ಆಸ್ಪತ್ರೆಯ ಕಚೇರಿಯ ಕೆಲಸ.

ಆಸ್ಪತ್ರೆಯೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವವರು ಡಾಕ್ಟರು, ನರ್ಸು, ಹೆಚ್ಚೆಂದರೆ ಔಷಧಿ ಕೊಡುವವರು. ಇವರೆಲ್ಲರೂ ವಿಜ್ಞಾನ ಓದಿದವರು. ಕಲಾ ವಿಭಾಗದ ನಮಗೆ ಆ ಕಟ್ಟಡದೊಳಗೆ ರೋಗಿಯಾಗಿ ಹೋಗುವುದರ ಹೊರತು ಬೇರೆ ಪ್ರವೇಶವಿಲ್ಲವೆಂದು ನಾವು ತಿಳಿದುಬಿಟ್ಟಿದ್ದೇವೆ. ಆದರೆ ಡಾಕ್ಟರನ್ನು ಕಾಣುವುದಕ್ಕೆ ಮೊದಲು ರೋಗಿ ಕಾಣುವುದು ಕಿಟಕಿಯ ಹಿಂದೆ ಕುಳಿತ ಒಬ್ಬ ಗುಮಾಸ್ತೆಯನ್ನು. ಡಾಕ್ಟರು ಮನೆಗೆ ಹೋದ ಮೇಲೂ, ವರ್ಗವಾಗಿ ಬೇರೆ ಜಿಲ್ಲೆಗೆ ಹೋದ ಮೇಲೂ, ರೋಗಿಯ ವೃತ್ತಾಂತವನ್ನು ಕಾಪಾಡಿಕೊಂಡಿರುವುದು ದಾಖಲೆಗಳ ಕೋಣೆ. ಹೆಸರು ನೋಂದಾಯಿಸಿಕೊಳ್ಳುವುದು, ಕಡತ ತೆರೆಯುವುದು, ರೋಗದ ಹೆಸರಿಗೆ ಗೊತ್ತಾದ ಸಂಕೇತವನ್ನು ಬರೆಯುವುದು, ಆರೋಗ್ಯ ವಿಮೆಯ ಕಾಗದಗಳನ್ನು ಸಿದ್ಧಪಡಿಸುವುದು, ಜನನ ಮರಣಗಳ ವರದಿ ಕಳಿಸುವುದು, ಹೊಡೆದಾಟದಲ್ಲಿಯೋ ಅಪಘಾತದಲ್ಲಿಯೋ ಗಾಯಗೊಂಡು ಬಂದವನ ಕಾಗದಗಳನ್ನು ನ್ಯಾಯಾಲಯ ಕೇಳಿದ ದಿನ ಒದಗಿಸುವುದು—ಇದೆಲ್ಲ ಸೇರಿ ವೈದ್ಯಕೀಯ ಕಚೇರಿಯ ಆಡಳಿತ. ಇದರ ಮಾತೆತ್ತಿದಾಗ ನನ್ನ ಸಹಪಾಠಿಯೊಬ್ಬರು, “ಚೀಟಿ ಬರೆಯೋದಕ್ಕೆ ಬಿ.ಎ. ಯಾಕೆ ಬೇಕು?” ಎಂದರು. ಬೇಕು ಎಂಬುದೇ ನನ್ನ ವಾದ. ಬಿ.ಎ.ಯೂ ಬೇಕು, ಅದರ ಮೇಲೆ ಒಂದೆರಡು ವರ್ಷದ ವಿಶೇಷ ವ್ಯಾಸಂಗವೂ ಬೇಕು.

ಅಂಜನಾಪುರದ ಕಡೆಯ ಯಾವ ಮನೆಗೆ ಹೋದರೂ ಗೋಡೆಯ ಮೊಳೆಗೆ ತೂಗುಹಾಕಿದ ಒಂದು ಪ್ಲಾಸ್ಟಿಕ್ ಚೀಲ ಕಾಣುತ್ತದೆ. ಪಡಿತರ ಚೀಟಿ, ಆಧಾರ್, ಹಿಂದೆ ತೋರಿಸಿದ ಆಸ್ಪತ್ರೆಗಳ ಚೀಟಿ, ಎಕ್ಸ್‌ರೇ, ರಕ್ತಪರೀಕ್ಷೆಯ ವರದಿ ಎಲ್ಲವೂ ಅದರಲ್ಲಿಯೇ. ಕಾಯಿಲೆ ಬಂದರೆ ಆ ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡು ಮೊದಲು ಶಿಕಾರಿಪುರದ ತಾಲ್ಲೂಕು ಆಸ್ಪತ್ರೆಗೆ ಹೋಗುತ್ತಾರೆ. ಅಲ್ಲಿಂದ ಮುಂದಕ್ಕೆ ಕಳಿಸಿದರೆ ಐವತ್ತು ಕಿಲೋಮೀಟರಿನಷ್ಟು ದೂರದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ. ಈ ದಾರಿಯುದ್ದಕ್ಕೂ ರೋಗಿಯ ಪರವಾಗಿ ಮಾತನಾಡುವುದು ಆ ಕಾಗದಗಳೇ. ಅವುಗಳನ್ನು ಓದಿ ಒಂದಕ್ಕೊಂದು ಹೊಂದಿಸಿ ನೋಡಬಲ್ಲ ಕಣ್ಣು ಕಿಟಕಿಯ ಆಚೆ ಇದ್ದರೆ ರೋಗಿ ಬೇಗ ಹಾಸಿಗೆ ಸೇರುತ್ತಾನೆ. ಇಲ್ಲದಿದ್ದರೆ ವರಾಂಡದ ಬೆಂಚಿನ ಮೇಲೆ ಕುಳಿತಿರುತ್ತಾನೆ.

2018ರಲ್ಲಿ ಕೇಂದ್ರದ ಆಯುಷ್ಮಾನ್ ಭಾರತವೂ ನಮ್ಮ ರಾಜ್ಯದ ಆರೋಗ್ಯ ಕರ್ನಾಟಕವೂ ಒಂದಾದ ಮೇಲೆ ಈ ಕಾಗದಗಳ ಬೆಲೆ ಬಹಳ ಏರಿತು. ಬಡತನದ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ. ಉಳಿದವರಿಗೆ ವೆಚ್ಚದ ಶೇಕಡಾ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಯೋಜನೆಯನ್ನು ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ, ತುರ್ತು ಚಿಕಿತ್ಸೆಗಳನ್ನು ಬಿಟ್ಟು ಉಳಿದವಕ್ಕೆ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ರೈತರ ಸಹಕಾರ ಸಂಘಗಳ ಮೂಲಕ 2003ರಲ್ಲಿ ಕಾರ್ಯಾರಂಭ ಮಾಡಿ, 2018ರಲ್ಲಿ ನಿಂತು, ಮತ್ತೆ ಜೀವ ಪಡೆದ ಯಶಸ್ವಿನಿಗೆ ಬೇರೆ ನಿಯಮ. ಐದು ಲಕ್ಷವೆಂದರೆ ನಮ್ಮ ಕಡೆ ಎರಡೆಕರೆ ಜೋಳ ಬೆಳೆಯುವವನು ಎಷ್ಟು ವರ್ಷ ದುಡಿದರೆ ಕಾಣುವ ದುಡ್ಡು ಎಂಬುದನ್ನು ವಾಚಕರೇ ಲೆಕ್ಕ ಹಾಕಲಿ. ಆ ದುಡ್ಡಿಗೂ ಅವನಿಗೂ ನಡುವೆ ಇರುವುದು ಸರಿಯಾಗಿ ತುಂಬಿದ ಒಂದು ನಮೂನೆ ಮಾತ್ರ.

ಇಲ್ಲಿ ನಮ್ಮ ಮನೆಯ ಒಂದು ಸಂಗತಿಯನ್ನು ಹೇಳದೆ ಮುಂದುವರಿಯುವುದು ಕಷ್ಟ. ಬಂಧುಗಳಲ್ಲಿ ಹಿರಿಯರಾದ ಒಬ್ಬ ಹೆಂಗಸಿಗೆ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಪಡಿತರ ಚೀಟಿಯಲ್ಲಿ ಅವರ ಹೆಸರು ‘ಈರಮ್ಮ’, ಆಧಾರಿನಲ್ಲಿ ‘ವೀರಮ್ಮ’, ಹಳೆಯ ಆಸ್ಪತ್ರೆ ಚೀಟಿಯಲ್ಲಿ ‘ಹಿರಮ್ಮ’. ವಯಸ್ಸು ಒಂದರಲ್ಲಿ 58, ಇನ್ನೊಂದರಲ್ಲಿ 64. ಆಸ್ಪತ್ರೆ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಕಿಟಕಿಯಲ್ಲಿದ್ದವರು ಕೆಟ್ಟವರೇನಲ್ಲ, ಮೂರು ಹೆಸರು ಮೂರು ಹೆಂಗಸರದ್ದೆಂದು ಅವರಿಗೆ ಪ್ರಾಮಾಣಿಕವಾಗಿಯೇ ಕಂಡಿತು. ಎರಡು ದಿನ ಹೋಯಿತು. ಊರಿಗೆ ಹಿಂದಿರುಗಿ ಯಾವುದೋ ಕಾಗದ ತರುವುದು, ಅದು ಸಾಲದೆಂದು ಮತ್ತೆ ಹೋಗುವುದು. ಮೂರನೆಯ ದಿನ ಬೇರೊಬ್ಬರು ಆ ಜಾಗದಲ್ಲಿದ್ದರು. ಅವರು ಕಾಗದಗಳನ್ನು ನೋಡಿ ನಕ್ಕು, “ಎಲ್ಲ ಒಬ್ಬರೇ ಅಲ್ವೇನಮ್ಮ?” ಎಂದು ಕೇಳಿ, ಗಂಡನ ಹೆಸರು, ಊರು, ಮನೆಯ ಸದಸ್ಯರ ಪಟ್ಟಿಯನ್ನು ತಾಳೆ ನೋಡಿ, ಯಾವುದಕ್ಕೆ ಯಾರ ದೃಢೀಕರಣ ಬೇಕೆಂದು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಮಧ್ಯಾಹ್ನದೊಳಗೆ ಕೆಲಸವಾಯಿತು.

ಪದದ ಮೊದಲಿನ ವಕಾರ ಆಡುಮಾತಿನಲ್ಲಿ ಬಿದ್ದುಹೋಗುವುದು—ವೀರಪ್ಪ ಈರಪ್ಪನಾಗುವುದು, ವಿಠಲ ಇಟ್ಟಲನಾಗುವುದು—ನಮ್ಮ ಭಾಷಾಶಾಸ್ತ್ರದ ಪತ್ರಿಕೆಯಲ್ಲಿ ಐದು ಅಂಕದ ಪ್ರಶ್ನೆ. ಪರೀಕ್ಷೆಯ ಕೊಠಡಿಯಿಂದ ಹೊರಗೆ ಅದಕ್ಕೆ ಉಪಯೋಗವುಂಟೆಂದು ನಾವು ಯಾರೂ ನಂಬಿರಲಿಲ್ಲ. ಅಕಾರ ಹಕಾರಗಳ ಗೊಂದಲ, ತಂದೆಯ ಹೆಸರನ್ನೇ ಮನೆತನದ ಹೆಸರೆಂದು ಬರೆಯುವುದು, ತವರಿನ ಊರನ್ನು ಗಂಡನ ಊರೆಂದು ಬರೆಯುವುದು, ತಾಂಡಾದಿಂದ ಬಂದವರ ಹೆಸರನ್ನು ಕನ್ನಡದ ಹೆಸರಿನಂತೆ ತಿದ್ದಿಬಿಡುವುದು, ವಯಸ್ಸು ಕೇಳಿದರೆ “ಅಂಜನಾಪುರದ ಕೆರೆ ಕೋಡಿ ಬಿದ್ದ ವರ್ಷ ಮದುವೆ ಆಯ್ತು” ಎಂದು ಬರುವ ಉತ್ತರ—ಇವೆಲ್ಲ ವಿಜ್ಞಾನದ ಪ್ರಶ್ನೆಗಳಲ್ಲ. (ಕುಮುದ್ವತಿ ನದಿಗೆ ಕಟ್ಟಿದ ಆ ಜಲಾಶಯವನ್ನು ನಮ್ಮ ಹಿರಿಯರು ಇಂದಿಗೂ ಕೆರೆಯೆಂದೇ ಕರೆಯುವುದು, ಅದೂ ಗುಮಾಸ್ತೆಗೆ ತಿಳಿದಿರಬೇಕು.) ಜನದ ಮಾತು, ಸಂಬಂಧ, ಊರುಕೇರಿಗಳನ್ನು ಬಲ್ಲವನು ಬಿಡಿಸಬೇಕಾದ ಗಂಟುಗಳು ಇವು. ಕನ್ನಡ, ಇತಿಹಾಸ, ಸಮಾಜಶಾಸ್ತ್ರಗಳನ್ನು ಮೂರು ವರ್ಷ ಓದಿದವರು ಇದಕ್ಕೆ ತಕ್ಕವರಲ್ಲದಿದ್ದರೆ ಮತ್ತಾರು ತಕ್ಕವರು?

ಹೆಸರಿನ ತಪ್ಪು ಒಬ್ಬ ರೋಗಿಯನ್ನು ಕೆಡಿಸುತ್ತದೆ. ಊರಿನ ಹೆಸರಿನ ತಪ್ಪು ಇಡೀ ಸೀಮೆಯನ್ನೇ ಕೆಡಿಸಬಲ್ಲುದು. ಇದಕ್ಕೆ ದೂರದ ನಿದರ್ಶನ ಬೇಕಿಲ್ಲ. ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡೇ ಇದೆ. 1957ರಲ್ಲಿ ಆ ಕಾಡಿನಲ್ಲಿ ಮಂಗಗಳು, ಮುಸುವಗಳು ಸತ್ತುಬಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ಜನ ತೀವ್ರ ಜ್ವರ, ತಲೆನೋವು, ಮೈಕೈನೋವುಗಳಿಂದ ಮಲಗಿದರು, ಕೆಲವರಿಗೆ ರಕ್ತಸ್ರಾವವಾಯಿತು, ಸಾವುಗಳಾದವು. ಪುಣೆಯಲ್ಲಿ 1952ರಲ್ಲಿ ಆರಂಭವಾಗಿದ್ದ ವೈರಸ್ ಸಂಶೋಧನಾ ಕೇಂದ್ರದವರು ಬಂದು ಪರೀಕ್ಷಿಸಿದರು. ಏಷ್ಯಾದಲ್ಲಿಯೇ ಇಲ್ಲದ ಹಳದಿ ಜ್ವರ ಇಲ್ಲಿಗೆ ಬಂತೇ ಎಂದು ಮೊದಲು ಶಂಕೆಯಾಯಿತು. ಕೊನೆಗೆ ಅದು ಅದುವರೆಗೆ ಜಗತ್ತಿಗೆ ತಿಳಿಯದಿದ್ದ ಹೊಸ ವೈರಸ್ಸೆಂದೂ, ಉಣುಗುಗಳ ಕಡಿತದಿಂದ ಹರಡುವುದೆಂದೂ ಗೊತ್ತಾಯಿತು. ನಮ್ಮ ಜನ ಮಂಗನ ಕಾಯಿಲೆ ಎಂದರು. ಶಾಸ್ತ್ರಜ್ಞರು ಕಾಡಿನ ಹೆಸರನ್ನೇ ಇಟ್ಟರು. ಗಮನಿಸಬೇಕಾದ ಮಾತೆಂದರೆ, ತರುವಾಯ ಹಿಂದಿನದನ್ನು ಕೆದಕಿ ವಿಚಾರಿಸಿದಾಗ 1956ರಲ್ಲಿಯೇ ಕೆಲವು ಹಳ್ಳಿಗಳಲ್ಲಿ ಇಂಥದೇ ಜ್ವರ ಬಂದುಹೋಗಿತ್ತೆಂದು ತಿಳಿಯಿತು. ಬಂದುಹೋದ ಆ ಒಂದು ವರ್ಷ ಅದು ಬರಿಯ ‘ಜ್ವರ’ವಾಗಿತ್ತು.

ಈ ರೋಗ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. 2018ರ ಕೊನೆಯಿಂದ 2019ರ ಬೇಸಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡಿನ ಕಡೆ ಅದು ಮಾಡಿದ ಅನಾಹುತವನ್ನು ಈ ಜಿಲ್ಲೆಯವರು ಮರೆತಿರಲಾರರು. ಈಗ ಒಂದು ಕಿಟಕಿಯನ್ನು ಊಹಿಸಿಕೊಳ್ಳೋಣ. ಜನವರಿಯ ಬೆಳಿಗ್ಗೆ, ಉದ್ದನೆಯ ಸಾಲು. ಜ್ವರದ ರೋಗಿಯೊಬ್ಬ ಬಂದು ತನ್ನ ಹಳ್ಳಿಯ ಹೆಸರು ಹೇಳುತ್ತಾನೆ. ಗುಮಾಸ್ತೆ ಸುಲಭವಾಗಲೆಂದು ‘ಸೊರಬ’ ಎಂದು ಬರೆಯುತ್ತಾನೆ. ಉದ್ಯೋಗದ ಕಡೆ ‘ಕೂಲಿ’ ಎಂದು ಬರೆಯುತ್ತಾನೆ. ಎರಡೂ ಸುಳ್ಳಲ್ಲ. ಆದರೆ ಸೊರಬವೆಂದರೆ ಒಂದು ಪಟ್ಟಣವೂ ಹೌದು, ನೂರಾರು ಹಳ್ಳಿಗಳ ತಾಲ್ಲೂಕೂ ಹೌದು. ಯಾವ ಹಳ್ಳಿಯಲ್ಲಿ ಜ್ವರ, ಅವನು ಸೌದೆಗೋ ದರಗಿಗೋ ಕಾಡಿಗೆ ಹೋಗಿದ್ದನೇ, ಜ್ವರ ಬಂದದ್ದು ಯಾವ ತಾರೀಖು—ಈ ಮೂರು ಇದ್ದರೆ ಆರೋಗ್ಯ ಇಲಾಖೆಯವರು ಸರಿಯಾದ ಹಳ್ಳಿಗೆ ಸಕಾಲದಲ್ಲಿ ಹೋಗಿ ಉಣುಗು ತಡೆಯುವ ತೈಲ ಹಂಚಬಹುದು, ಸತ್ತ ಮಂಗಗಳಿಗಾಗಿ ಹುಡುಕಬಹುದು. ಇಲ್ಲದಿದ್ದರೆ ಬರಿಯ ಪಟ್ಟಿ ಉದ್ದವಾಗುತ್ತದೆ. ಜಗತ್ತಿನ ಎಲ್ಲ ರೋಗಗಳಿಗೂ ವಿಶ್ವ ಆರೋಗ್ಯ ಸಂಸ್ಥೆ ಸಂಕೇತಗಳನ್ನು ಕೊಟ್ಟಿದೆ. ಅದರ ಹತ್ತನೆಯ ಪರಿಷ್ಕರಣದ ಪಟ್ಟಿಯಲ್ಲಿ ಎ98.2 ಎಂದರೆ ಕ್ಯಾಸನೂರು ಕಾಡಿನ ಕಾಯಿಲೆ; ಅದರಾಚೆಗೆ ಒಂದು ಸಾಲು ಬಿಟ್ಟು ಎಬೋಲಾ. ನಮ್ಮ ನೆರೆಯ ಕಾಡೊಂದರ ಹೆಸರು ಪ್ರಪಂಚದ ಪ್ರತಿಯೊಂದು ದೊಡ್ಡ ಆಸ್ಪತ್ರೆಯ ಸಂಕೇತ ಪುಸ್ತಕದಲ್ಲಿದೆ. ಆ ಪುಸ್ತಕವನ್ನು ಓದಬಲ್ಲವರು ನಮ್ಮ ತಾಲ್ಲೂಕುಗಳ ಪದವೀಧರರಲ್ಲಿ ಎಷ್ಟು ಮಂದಿ ಇದ್ದಾರು?

ರೋಗಗಳ ಈ ಪಟ್ಟಿಗೂ ದೊಡ್ಡ ಚರಿತ್ರೆಯಿದೆ. ಪ್ಯಾರಿಸ್ಸಿನ ಜಾಕ್ ಬರ್ತಿಯೋಂ 1893ರಲ್ಲಿ ಮರಣ ಕಾರಣಗಳ ಪಟ್ಟಿಯೊಂದನ್ನು ಮುಂದಿಟ್ಟನು. ಅದು ಬೆಳೆಯುತ್ತ ಬಂದು 2022ರಿಂದ ಹನ್ನೊಂದನೆಯ ಪರಿಷ್ಕರಣ ಜಾರಿಗೆ ಬಂದಿದೆ. ಅದಕ್ಕೂ ಹಿಂದೆ, ದೀಪ ಹಿಡಿದು ಗಾಯಾಳುಗಳ ನಡುವೆ ನಡೆದಳೆಂದು ನಾವು ಪ್ರೈಮರಿ ಶಾಲೆಯಲ್ಲಿ ಓದಿದ ಫ್ಲಾರೆನ್ಸ್ ನೈಟಿಂಗೇಲಳು 1860ರ ಲಂಡನ್ ಅಂಕಿಅಂಶಗಳ ಸಮ್ಮೇಳನಕ್ಕೆ ಆಸ್ಪತ್ರೆಗಳೆಲ್ಲವೂ ಒಂದೇ ಬಗೆಯ ನಮೂನೆಯಲ್ಲಿ ಲೆಕ್ಕ ಇಡಬೇಕೆಂಬ ಸಲಹೆ ಕಳಿಸಿದ್ದಳು. ದೀಪದ ಚಿತ್ರ ಪಠ್ಯಪುಸ್ತಕದಲ್ಲಿ ಉಳಿಯಿತು, ನಮೂನೆಯ ಮಾತು ಬಿಟ್ಟುಹೋಯಿತು. ದಫ್ತರದ ಕೆಲಸಕ್ಕೆ ಎಲ್ಲೆಲ್ಲಿಯೂ ಆಗುವ ಗತಿ ಇದೇ.

ನಮ್ಮ ತಾಲ್ಲೂಕಿನ ಮಟ್ಟಿಗೆ ಹೇಳುವುದಾದರೆ, ಆಸ್ಪತ್ರೆಯೂ ಬರವಣಿಗೆಯೂ ಒಟ್ಟಿಗೆ ಇದ್ದದ್ದಕ್ಕೆ ಇನ್ನೂ ಹಳೆಯ ಸಾಕ್ಷ್ಯವಿದೆ. ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನವನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ ಅದು ಅಚ್ಚಾಗಿದೆ. ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿದ್ದ ಆ ಮಠದಲ್ಲಿ ಬಡವರಿಗೆ ಅನ್ನವೂ ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆಯೂ ದೊರೆಯುತ್ತಿದ್ದುವೆಂದು ಶಾಸನ ಸಾರುತ್ತದೆ. ಓದು, ಅನ್ನ, ಔಷಧಿ ಮೂರೂ ಒಂದೇ ಅಂಗಳದಲ್ಲಿ! ಇದನ್ನು ಓದಿದಾಗಲೆಲ್ಲ ನನಗೆ ತೋರುವುದು ಎರಡು ವಿಚಾರ. ಅಲ್ಲಿ ರೋಗಿಗಳಿಗೆ ಔಷಧಿ ಕೊಟ್ಟ ವೈದ್ಯರ ವಿಷಯ ನಾವು ಅರಿಯೆವು. ಔಷಧಿ ಕೊಡುತ್ತಿದ್ದರೆಂಬುದನ್ನಾದರೂ ಅರಿತಿದ್ದೇವೆಂದರೆ ಅದು ಬರೆದವನ ಪುಣ್ಯ. ಎರಡನೆಯದು, ಬರೆದವನು ದಾನ ಕೊಟ್ಟವರ ಹೆಸರನ್ನು ಬರೆದನು, ರೋಗಿಗಳ ಹೆಸರನ್ನು ಬರೆಯಲಿಲ್ಲ. ಆ ಅನಾಥರು ಯಾವ ಊರಿನವರು, ಏನು ಕಾಯಿಲೆ, ಬದುಕಿದರೇ ಸತ್ತರೇ? ಅವರ ಹೆಸರನ್ನೂ ಬರೆದಿಡುವುದು ನಮ್ಮ ಕಾಲದ ಹೆಚ್ಚಳ. ನಮ್ಮ ಕಾಲದಲ್ಲಿಯೂ ಅದು ತಾನಾಗಿ ನಡೆಯುವುದಿಲ್ಲ, ಒಬ್ಬರು ಕುಳಿತು ಬರೆಯಬೇಕು.

ಬರೆದುದನ್ನು ಕಾಪಾಡುವುದೂ ರೋಗಿಯ ಹಕ್ಕಿಗೆ ಸಂಬಂಧಪಟ್ಟದ್ದೇ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳಂತೆ, ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಡಬೇಕು. ರೋಗಿ ಕೇಳಿದರೆ 72 ಗಂಟೆಗಳೊಳಗೆ ಅದರ ಪ್ರತಿಯನ್ನು ಕೊಡಬೇಕು. ಈ ಮಾತನ್ನು ನಮ್ಮ ಹಳ್ಳಿಯಲ್ಲಿ ಹತ್ತು ಮಂದಿಗೆ ಹೇಳಿದೆ, ಒಬ್ಬರಿಗೂ ಗೊತ್ತಿರಲಿಲ್ಲ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲಿಕ್ಕೂ ಮತದಾರರ ಪಟ್ಟಿಗೂ ಹುಟ್ಟಿದ ದಿನದ ಆಧಾರ ಜನನ ಪ್ರಮಾಣ ಪತ್ರವೇ ಆಗಿದೆ. ಹೆರಿಗೆ ವಾರ್ಡಿನಿಂದ ಹೋಗುವ ವರದಿಯಲ್ಲಿ ಒಂದಕ್ಷರ ಜಾರಿದರೆ ಆ ಮಗು ಬಿ.ಎ. ಮುಗಿಸುವವರೆಗೂ ಅದರ ಹಿಂದೆ ಓಡಾಡಬೇಕು.

ಇಷ್ಟು ಹೊತ್ತು ಊರನ್ನು ಬಲ್ಲವನೇ ಈ ಕೆಲಸಕ್ಕೆ ತಕ್ಕವನೆಂದು ಹೊಗಳಿದ್ದಾಯಿತು. ಊರನ್ನು ಬಲ್ಲವನಿಂದಲೇ ಒದಗುವ ಅಪಾಯವನ್ನೂ ಹೇಳಬೇಕು. ಈ ವಾದದಲ್ಲಿ ನನಗೆ ಅತ್ಯಂತ ಕಷ್ಟವೆನಿಸಿದ ಭಾಗ ಇದು. ಶಿಕಾರಿಪುರದಂಥ ಊರಿನಲ್ಲಿ ದಾಖಲೆ ಕೋಣೆಯ ಹುಡುಗನಿಗೆ ಬಂದವರಲ್ಲಿ ಅರ್ಧ ಮಂದಿ ಪರಿಚಿತರು. ಯಾರ ರಕ್ತದಲ್ಲಿ ಏನು ಸಿಕ್ಕಿತು, ಯಾವ ಮನೆಯ ಹೆಣ್ಣುಮಗಳು ಯಾವ ಕಾರಣಕ್ಕೆ ಬಂದಳು, ಯಾರು ವಿಷ ಕುಡಿದು ಬದುಕಿಕೊಂಡರು ಎಂಬುದೆಲ್ಲ ಅವನ ಕಣ್ಣ ಕೆಳಗೆ ಹಾದುಹೋಗುತ್ತದೆ. ಸಂಜೆ ಅವನು ಕೂರುವುದು ಅದೇ ಊರಿನ ಹೋಟೆಲಿನಲ್ಲಿ. ಒಂದು ಮಾತು ಜಾರಿತೆಂದರೆ ಒಂದು ಮದುವೆ ಮುರಿಯಬಹುದು, ಒಬ್ಬನಿಗೆ ಕೆಲಸ ಹೋಗಬಹುದು, ಅದಕ್ಕಿಂತ ಕೆಟ್ಟದ್ದೂ ಆಗಬಹುದು. ಗರ್ಭಪಾತದ ರೋಗಿಗಳ ದಾಖಲಾತಿ ಪುಸ್ತಕವನ್ನು ಗುಪ್ತವಾಗಿಡಬೇಕೆಂದು ನಿಯಮವಿದೆ, ಎಚ್.ಐ.ವಿ. ಸೋಂಕಿನ ವಿಷಯ ಹೊರಗೆಡಹಬಾರದೆಂದು 2017ರ ಕಾನೂನಿದೆ. 2023ರಲ್ಲಿ ವೈಯಕ್ತಿಕ ದತ್ತಾಂಶದ ರಕ್ಷಣೆಗೆಂದೇ ಕಾನೂನು ಬಂದಿದೆ. ಆದರೆ ಕಾನೂನು ಹೋಟೆಲಿನ ಮೇಜಿನವರೆಗೆ ಬಂದು ಕೂರುವುದಿಲ್ಲ. ಡಾಕ್ಟರಾಗುವವರಿಗೆ ವೃತ್ತಿಯ ಪ್ರತಿಜ್ಞೆಯುಂಟು, ನರ್ಸುಗಳಿಗೂ ಉಂಟು. ಅವರಿಬ್ಬರೂ ಕಂಡದ್ದನ್ನೆಲ್ಲ ಒಂದೇ ಕಡತದಲ್ಲಿ ಓದುವ ಗುಮಾಸ್ತೆಗೆ ಯಾವ ಪ್ರತಿಜ್ಞೆಯನ್ನೂ ಯಾರೂ ಬೋಧಿಸುವುದಿಲ್ಲ. ಈ ಕೆಲಸಕ್ಕೆ ವ್ಯಾಸಂಗ ಬೇಕೆಂದು ನಾನು ಹೇಳುವುದರಲ್ಲಿ ಅರ್ಧ ಭಾಗ ಇದಕ್ಕಾಗಿಯೇ. ಟೈಪಿಂಗನ್ನು ಮೂರು ತಿಂಗಳಲ್ಲಿ ಕಲಿಯಬಹುದು. ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಯಲು ಅದರ ಕಾರಣ ತಿಳಿದ ಗುರುಗಳೂ ಸಾಕಷ್ಟು ಕಾಲವೂ ಬೇಕು.

ಹಾಗಾದರೆ ಈ ವ್ಯಾಸಂಗ ಎಲ್ಲಿದೆ? ನಮ್ಮ ರಾಜ್ಯದ ಅರೆವೈದ್ಯಕೀಯ ಮಂಡಳಿಯ ಡಿಪ್ಲೊಮಾಗಳಲ್ಲಿ ವೈದ್ಯಕೀಯ ದಾಖಲೆಗಳ ತಂತ್ರಜ್ಞಾನವೂ ಒಂದು. ಅದಕ್ಕೆ ಎಸ್.ಎಸ್.ಎಲ್.ಸಿ. ಆದವರೂ ಸೇರಬಹುದು, ಅಂದರೆ ಬಿ.ಎ. ಮುಗಿಸಿದವನು ಸೇರಿದರೆ ಅವನ ಐದು ವರ್ಷದ ಓದಿಗೆ ಅಲ್ಲಿ ಬೆಲೆಯಿಲ್ಲ, ಮೊದಲಿನಿಂದ ಆರಂಭಿಸಬೇಕು. ಪುದುಚೇರಿಯ ಜಿಪ್‌ಮರ್, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜುಗಳು ಈ ಶಿಕ್ಷಣದಲ್ಲಿ ಹೆಸರಾದವು. ಆದರೆ ನಮ್ಮ ಕಡೆಯ ಹುಡುಗಿಯೊಬ್ಬಳನ್ನು ಅಷ್ಟು ದೂರ ಕಳಿಸಲು ಒಪ್ಪುವ ತಂದೆತಾಯಿಗಳು ಅಪರೂಪ. 2021ರ ಸಹಾಯಕ ಮತ್ತು ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾನೂನು ಆರೋಗ್ಯ ಮಾಹಿತಿ ನಿರ್ವಹಣೆಯನ್ನು ಒಂದು ವೃತ್ತಿಯೆಂದೇ ತನ್ನ ಅನುಸೂಚಿಯಲ್ಲಿ ಸೇರಿಸಿಕೊಂಡಿದೆ. ವಿಕಿರಣ ತಂತ್ರಜ್ಞರ, ಫಿಸಿಯೋಥೆರಪಿಯವರ ಸಾಲಿನಲ್ಲಿ ದಾಖಲೆಯವರೂ ಕುಳಿತರೆಂದಾಯಿತು. ಕಾನೂನಿನಲ್ಲಿ ಕುಳಿತದ್ದು ಸಂತೋಷ. ಕೆಲಸದ ಪಟ್ಟಿಯಲ್ಲಿ ಕುಳಿತಿಲ್ಲ. ಇಂದು ಆರೋಗ್ಯ ಇಲಾಖೆಯ ಪ್ರಥಮ ದರ್ಜೆ ಸಹಾಯಕನೂ ನೀರಾವರಿ ಇಲಾಖೆಯವನೂ ಬರೆಯುವುದು ಒಂದೇ ಪರೀಕ್ಷೆಯನ್ನು: ಸಾಮಾನ್ಯ ಜ್ಞಾನ, ಕನ್ನಡ, ಇಂಗ್ಲಿಷ್. ಆ ಪರೀಕ್ಷೆಯಲ್ಲಿ ರೋಗಿಯ ಗುಟ್ಟಿನ ವಿಷಯವಾಗಲಿ ರೋಗಸಂಕೇತದ ವಿಷಯವಾಗಲಿ ಒಂದು ಪ್ರಶ್ನೆಯೂ ಇರುವುದಿಲ್ಲ.

ಈ ಬರಿದಾದ ಜಾಗದಲ್ಲಿ ಬೆಳೆದುಕೊಂಡಿರುವುದು ಬಸ್‌ಸ್ಟ್ಯಾಂಡಿನ ಗೋಡೆಯ ಜಾಹೀರಾತುಗಳು. ಆರು ತಿಂಗಳಲ್ಲಿ ಆಸ್ಪತ್ರೆ ಆಡಳಿತ, ನೂರಕ್ಕೆ ನೂರು ಉದ್ಯೋಗ! ಮಂಡಳಿಯ ಮಾನ್ಯತೆ ಇದೆಯೇ, ಯಾವ ಆಸ್ಪತ್ರೆಯಲ್ಲಿ ಅಭ್ಯಾಸ ಮಾಡಿಸುವಿರಿ, ಕಳೆದ ವರ್ಷ ಕಲಿತವರು ಎಲ್ಲಿದ್ದಾರೆ ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಯಾರೂ ಅಲ್ಲಿ ಹಣ ಕಟ್ಟಬಾರದು. ಹಸು ಮಾರಿ ಶುಲ್ಕ ಕಟ್ಟುವ ಮನೆಗಳು ನಮ್ಮವು.

ಬೆಂಗಳೂರಿನಲ್ಲಿ ಈ ವಿದ್ಯೆಗೆ ಬೇರೆ ಮಾರುಕಟ್ಟೆಯೊಂದು ಬಹಳ ಹಿಂದೆಯೇ ಹುಟ್ಟಿತು. 1990ರ ದಶಕದ ಕೊನೆಯಿಂದ ಅಮೆರಿಕದ ಡಾಕ್ಟರುಗಳು ಹೇಳಿದ್ದನ್ನು ನಮ್ಮ ಯುವಕರು ಕಿವಿಗೆ ಯಂತ್ರ ಹಾಕಿಕೊಂಡು ಟೈಪು ಮಾಡಿದರು. ಈಗ ಅಲ್ಲಿಯ ರೋಗಿಗಳ ಕಡತಗಳಿಗೆ ಸಂಕೇತ ಬರೆಯುತ್ತಾರೆ. ಹೊಟ್ಟೆಪಾಡಿಗೆ ಅದು ತಪ್ಪಲ್ಲ. ಯಂತ್ರಗಳೇ ಕೇಳಿ ಬರೆಯುವ ಕಾಲ ಬಂದು ಟೈಪು ಮಾಡುವ ಕೆಲಸ ಕರಗುತ್ತಿದೆ, ಅದು ಬೇರೆ. ಆದರೆ ಕಾಣದ ದೇಶದ ರೋಗಿಯ ಕಡತ ಇಷ್ಟು ನಿಷ್ಕೃಷ್ಟವಾಗಿರಬೇಕೆಂದು ಸಾವಿರಾರು ಕನ್ನಡಿಗರು ಕಲಿತಿರುವಾಗ, ನಮ್ಮ ತಾಯಂದಿರ ಚೀಟಿಗಳು ಪ್ಲಾಸ್ಟಿಕ್ ಚೀಲದಲ್ಲಿ ಮಾಸುತ್ತಿರುವುದು ವಿಚಿತ್ರವಲ್ಲವೆ?

ಕಂಪ್ಯೂಟರು ಬಂದಮೇಲೆ ಗುಮಾಸ್ತೆಯೇಕೆ ಎನ್ನುವವರೂ ಉಂಟು. 2021ರಿಂದ ಹದಿನಾಲ್ಕು ಅಂಕಿಗಳ ಆರೋಗ್ಯ ಖಾತೆ ಸಂಖ್ಯೆ ದೇಶಾದ್ಯಂತ ಬಂದಿದೆ, ಒಳ್ಳೆಯದೇ. ಈರಮ್ಮನನ್ನು ಹಿರಮ್ಮನೆಂದು ಒಮ್ಮೆ ಒಳಗೆ ಬಿಟ್ಟರೆ ಕಂಪ್ಯೂಟರು ಅದನ್ನು ಕರ್ನಾಟಕದ ಉದ್ದಗಲಕ್ಕೂ ನಿಷ್ಠೆಯಿಂದ ಒಯ್ಯುತ್ತದೆ.

ಸಂಬಳದ ಮಾತನ್ನು ಮರೆಮಾಚುವುದು ಸರಿಯಲ್ಲ. ಈ ಕೆಲಸಗಳಲ್ಲಿ ಬಹಳಷ್ಟು ಹೊರಗುತ್ತಿಗೆಯವು. ಸಂಬಳ ಕಡಿಮೆ, ನಾಳೆಯ ಭರವಸೆಯಿಲ್ಲ. “ಓದಿಸಿದ್ದು ಇದಕ್ಕೇನಾ?” ಎಂದು ಮನೆಯಲ್ಲಿ ಕೇಳಿದರೆ ತಕ್ಷಣಕ್ಕೆ ಕೊಡುವ ಉತ್ತರ ನನ್ನಲ್ಲಿಲ್ಲ. ನಮ್ಮ ಮನೆಯಲ್ಲಿ ಪದವಿಯ ಮುಖ ನೋಡುತ್ತಿರುವುದು ಇದೇ ಮೊದಲು, ಆದುದರಿಂದ ಆ ಪ್ರಶ್ನೆ ಇನ್ನೂ ಜೋರಾಗಿಯೇ ಬರುತ್ತದೆ. ಗುತ್ತಿಗೆಯ ಗುಮಾಸ್ತೆ ವರ್ಷಕ್ಕೊಬ್ಬ ಬದಲಾಗುತ್ತಿದ್ದರೆ ರೋಗಿಯ ಗುಟ್ಟೂ ಉಳಿಯದು, ಕಡತವೂ ಉಳಿಯದು. ತಾಲ್ಲೂಕು ಆಸ್ಪತ್ರೆಗೊಬ್ಬರಾದರೂ ತರಬೇತಾದ, ಖಾಯಂ ದಾಖಲೆ ಅಧಿಕಾರಿ ಇರಬೇಕೆಂದು ಸರ್ಕಾರವನ್ನು ಕೇಳುವುದು ಉದ್ಯೋಗಾಕಾಂಕ್ಷಿಗಳ ಸ್ವಾರ್ಥವೆಂದು ಯಾರಾದರೂ ಅಂದರೆ ಅನ್ನಲಿ. ಸ್ವಾರ್ಥವೂ ಇದೆ. ಆದರೆ ಬೆಂಚಿನ ಮೇಲೆ ಕಾಯುತ್ತಿರುವವರ ಅರ್ಥವೂ ಅದರೊಳಗಿದೆ.

ಸರ್ಕಾರ ಮಾಡುವವರೆಗೆ ಕಾಯಬೇಕಾಗಿಯೂ ಇಲ್ಲ. ನಮ್ಮ ಕಾಲೇಜಿನಲ್ಲಿಯೇ ಶನಿವಾರದ ಮಧ್ಯಾಹ್ನಗಳಲ್ಲಿ ಒಂದು ಸಣ್ಣ ತರಗತಿ ನಡೆಸಬಹುದು. ಹೆಸರು, ಊರು, ಆಡುಮಾತಿನ ರೋಗಲಕ್ಷಣಗಳ ವಿಷಯವನ್ನು ಕನ್ನಡ ವಿಭಾಗದವರು ಹೇಳಲಿ. ‘ಎದೆ ಉರಿ’, ‘ಎದೆ ಹಿಡಿತ’, ‘ಸಂಕಟ’, ‘ಜೀವ ತಡೆಯಲ್ಲ’ ಎಂಬ ಮಾತುಗಳ ನಡುವಣ ಅಂತರ ಡಾಕ್ಟರಿಗೂ ಬೇಕಾದದ್ದೇ. ದಾಖಲೆ ಕಾಪಾಡುವ ಕ್ರಮವನ್ನು ಇತಿಹಾಸದವರು, ಅಂಕಿಅಂಶಗಳನ್ನು ಅರ್ಥಶಾಸ್ತ್ರದವರು, ಕಾನೂನಿನ ಭಾಗವನ್ನು ರಾಜ್ಯಶಾಸ್ತ್ರದವರು ಹೇಳಲಿ. ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರವನ್ನು, ಬಿಡುಗಡೆಯ ಚೀಟಿಯನ್ನು ಹೆಬ್ಬೆಟ್ಟೊತ್ತುವವರಿಗೆ ತಿಳಿಯುವ ಕನ್ನಡಕ್ಕೆ ತಿರುಗಿಸುವ ಅಭ್ಯಾಸವನ್ನು ನಾವೇ ಮಾಡಬಹುದು. ಇಂಗ್ಲಿಷ್ ಅಧ್ಯಾಪಕರು ತಿದ್ದಿಕೊಟ್ಟರೆ ಸಾಕು. ಆಸ್ಪತ್ರೆಯವರ ಅನುಮತಿ ದೊರೆತರೆ ತಿಂಗಳಿಗೊಮ್ಮೆ ನೋಂದಣಿ ಕಿಟಕಿಯ ಬಳಿ ನಿಂತು, ಓದಲು ಬಾರದವರಿಗೆ ನಮೂನೆ ತುಂಬಿಕೊಡಬಹುದು. ದಾಖಲೆ ಕೋಣೆಯೊಳಗೆ ಮಾತ್ರ ತರಬೇತಿಯಿಲ್ಲದೆ ಕಾಲಿಡಬಾರದು.

ಈ ಅರ್ಥದ ಅರ್ಜಿಯೊಂದನ್ನು ಅಂತಿಮ ವರ್ಷದ ನಾವು ಕೆಲವರು ಪ್ರಾಂಶುಪಾಲರಿಗೆ ಸಲ್ಲಿಸಲು ಸಿದ್ಧಪಡಿಸಿದ್ದೇವೆ. ಅದರ ಪ್ರತಿ ಗ್ರಂಥಾಲಯದ ಮೇಜಿನ ಮೇಲಿದೆ. ಮೊದಲ ಮತ್ತು ಎರಡನೆಯ ವರ್ಷದವರೂ ಸಹಿ ಹಾಕಬಹುದು. ತರಗತಿ ಆರಂಭವಾಗುವ ವೇಳೆಗೆ ನಾವು ಇಲ್ಲಿರುವುದಿಲ್ಲ, ಅದರ ಪ್ರಯೋಜನ ಅವರಿಗೇ. ಸಹಿಯ ಮುಂದೆ ಊರಿನ ಹೆಸರು ಬರೆಯಲು ಜಾಗ ಬಿಟ್ಟಿದೆ. ದಯವಿಟ್ಟು ‘ಶಿಕಾರಿಪುರ’ ಎಂದಷ್ಟೇ ಬರೆಯಬೇಡಿ.